ಶೆಟ್ಟಿಕೆರೆ ಶೆಡ್ಡಿನ ಹೊಸ ನೇಮಕಾತಿ

ನನಗೆ ಪೇಪರ್ ಓದುವ ಚಟ ಇಲ್ಲದಿದ್ದರೆ ಈ ಸೊಂಟನೋವೂ ಇರುತ್ತಿರಲಿಲ್ಲ. ಯಾವ್ಯಾವುದೋ ದೇಶಗಳಲ್ಲಿ ಹೊರಗಿನ ಕೆಲಸಗಾರರಿಗೆ ಬಾಗಿಲು ಬಿಗಿ ಮಾಡಿ, ಊರಿನವರನ್ನೇ ಕೆಲಸಕ್ಕೆ ತಗೊಳ್ಳುವ ಅಂಗಡಿ, ಕಾರ್ಖಾನೆಗಳಿಗೆ ಸರ್ಕಾರವೇ ನೆರವು ಕೊಡುತ್ತದಂತೆ. ಓದಿ ಮೈ ಜುಮ್ಮೆಂದಿತು. ಅಂಥ ದೇಶಗಳು ಮಾಡುವುದನ್ನು ಶೆಟ್ಟಿಕೆರೆಯ ನನ್ನ ಕೊಬ್ಬರಿ ಶೆಡ್ಡು ಯಾಕೆ ಮಾಡಬಾರದು? ವರ್ತಕರ ಸಭೆಯಲ್ಲಿ ಎದ್ದು ನಿಂತು, ನಾಳೆಯಿಂದ ನನ್ನಲ್ಲಿ ಊರವರಿಗೇ ಕೆಲಸ ಎಂದು ಘೋಷಿಸಿಬಿಟ್ಟೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. 'ನಾನೂ' ಅಂತ ಇನ್ನೊಬ್ಬ ಏಳಲಿಲ್ಲ ಅನ್ನುವುದು ಆಗ ಗಮನಕ್ಕೆ ಬರಲಿಲ್ಲ.

ನಮ್ಮಲ್ಲಿ ಕಾಯಿ ಸುಲಿದು ಕೊಬ್ಬರಿ ತೆಗೆಯುತ್ತಿದ್ದವರು ಅಸ್ಸಾಮಿನ ಬಿಪುಲ್ ಮತ್ತು ಅವನ ಮೂವರು ಜೊತೆಗಾರರು. ಬಿಪುಲ್ ಬಂದು ಹನ್ನೆರಡು ವರ್ಷವಾಗಿತ್ತು. ಸ್ಥಳೀಯರ ಹಿತ ಕಾಪಾಡುವ ಅಗತ್ಯವನ್ನು ಅವನಿಗೆ ಗಂಭೀರವಾಗಿ ವಿವರಿಸಿದೆ. ಆಯ್ತಣ್ಣ ಅಂದವನೇ ಬ್ಯಾಗು ಹೆಗಲಿಗೆ ಹಾಕಿಕೊಂಡು, ಜೊತೆಯವರನ್ನೂ ಕರಕೊಂಡು ಎದುರುಗಡೆ ರುದ್ರಣ್ಣನ ಶೆಡ್ಡಿಗೆ ಹೋದ. ರಸ್ತೆ ದಾಟಿದ, ಅಷ್ಟೇ. ನನಗೆ ಶಾಲು ಹೊದಿಸಿದ್ದೂ ರುದ್ರಣ್ಣನೇ!

"ಗುರುವಾರ ಕೊಬ್ಬರಿಗೆ ಲಾರಿ ಬತ್ತದೆ ಕಣ್ರೀ," ಅಂದಳು ನನ್ನ ಹೆಂಡತಿ ಜಯ. "ಕಳಿಸೋನು ಮಾವನೋರ ಕಾಲದ ವ್ಯಾಪಾರಿ. ಒಂದ್ಸಲ ಖಾಲಿ ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಊರು ತುಂಬ ಜನ ಇದ್ದಾರೆ ಬಿಡೇ ಅಂದೆ.

ಇದ್ದರು. ನಮ್ಮೂರಲ್ಲಿ ಸ್ಥಳೀಯರು ಅಂದರೆ ನಮ್ಮ ಅಣ್ಣತಮ್ಮಂದಿರೇ. ಚಿಕ್ಕಪ್ಪ ಬಂದರು, ಅವರ ಹಿಂದೆ ದಾಯಾದಿಗಳು ಮೂವರು. ಚಿಕ್ಕಪ್ಪ ಮಂಚದ ಮೇಲೆ ಕೂತು ಕಾಫಿ ಕೇಳಿದರು. ಬೇಗ ಬೇಗ ಸುಲಿಯಿರಿ ಅಂತ ಅವರಿಗೆ ಹೇಳುವುದು ಹೇಗೆ? ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದ ಮನುಷ್ಯ. ಕಾಫಿ ತರಿಸಿದೆ. ಆಮೇಲೆ ಎಲ್ಲರಿಗೂ ತರಿಸಿದೆ. ಬುಧವಾರದ ಹೊತ್ತಿಗೆ ಅರ್ಧದಷ್ಟು ಕಾಯಿ ಒಣಗಿಸಿದ್ದ ಅಟ್ಟದಲ್ಲೇ ಇತ್ತು.

ಗುರುವಾರ ಒಬ್ಬರೂ ಬರಲಿಲ್ಲ. ಹುಳಿಯಾರಿನಲ್ಲಿ ನಮ್ಮದೇ ಪೈಕಿ ಮನೆಯಲ್ಲಿ ಬೀಗರೂಟ. ಫೋನ್ ಮಾಡಿದರೆ ಚಿಕ್ಕಪ್ಪ ನನ್ನನ್ನೇ ಬೈದರು, ನೀನೂ ಬಾರ್ಲಾ, ಬರದಿದ್ರೆ ಚೆನ್ನಾಗಿರಲ್ಲ ಅಂತ. ಸಿಬ್ಬಂದಿಗೆಲ್ಲ ಒಂದೇ ರಜೆ, ಮಾಲೀಕನಿಗೂ ಅದೇ ಆಹ್ವಾನ!

ಹತ್ತು ಗಂಟೆಗೆ ಲಾರಿ ಬಂದು ನಿಂತಿತು. ಬೇರೆ ದಾರಿಯಿಲ್ಲದೆ ನಾನೇ ಮಚ್ಚು ಹಿಡಿದು ಕೂತೆ. ಹುಟ್ಟಿದ್ದು ಬೆಳೆದಿದ್ದು ತೆಂಗಿನ ನೆರಳಲ್ಲೇ, ಆದರೆ ಕರಟದಿಂದ ಒಂದು ಉಂಡೆ ಕೊಬ್ಬರಿ ತೆಗೆದವನಲ್ಲ. ಉಂಡೆ ಒಡೆಯದೆ ಬರಬೇಕು. ನಮ್ಮ ಕಡೆಯ ಹೆಸರು ನಿಂತಿರುವುದೇ ಅದರ ಮೇಲೆ. ಮೊದಲನೇ ಏಟಿಗೆ ಎರಡು ಹೋಳಾಯಿತು. ಎರಡನೆಯದು ನಾಲ್ಕಾಯಿತು. ಜಯ ಚೂರುಗಳನ್ನೆಲ್ಲ ಬಕೀಟಿಗೆ ತುಂಬಿಕೊಂಡು, ಈ ವರ್ಷ ಚಟ್ನಿಪುಡಿಗೆ ಯೋಚನೆ ಇಲ್ಲ ಬುಡಿ ಅಂದಳು. ಲಾರಿ ಡ್ರೈವರ್ ಸ್ವಲ್ಪ ಹೊತ್ತು ನೋಡಿ, ಸೀಟಿನ ಮೇಲೆ ಮಲಗಿಬಿಟ್ಟ.

ನಾಲ್ಕು ಗಂಟೆಗೆ, ರುದ್ರಣ್ಣನ ಕೆಲಸ ಮುಗಿಸಿದ ಬಿಪುಲ್ ಜೊತೆಯವರೊಂದಿಗೆ ರಸ್ತೆ ದಾಟಿ ಬಂದ. ವೀಸಾ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಕೈಯಿಂದ ಮಚ್ಚು ತಗೊಂಡು, ಕಾಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ತಟ್ಟಿದ. ಕರಟ ಕಳಚಿತು. ಉಂಡೆ ಇಡಿಯಾಗಿ ಕೈಗೆ ಬಂತು.

"ಅಸ್ಸಾಮಲ್ಲೂ ಹಿಂಗೇ ತೆಗೀತಾರೇನಪ್ಪ?" ಅಂದೆ.

"ಇಲ್ಲಣ್ಣ. ನಿಮ್ಮಪ್ಪಾಜಿ ಕಲಿಸಿದ್ದು. ಮೊದಲು ನಿಮ್ಮನ್ನೂ ಕರೀತಿದ್ರಂತೆ. ನೀವು ಪೇಪರ್ ಓದ್ತಾ ಕೂತಿರ್ತಿದ್ರಂತೆ."

ಅಪ್ಪ ಹೋಗಿ ಆರು ವರ್ಷ. ಅವರ ಕೆಲಸ ಉಳಿದಿರುವುದು ಇವನ ಕೈಯಲ್ಲಿ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು. ನಿಜಕ್ಕೂ ನಾಚಿಕೆಯಾಯಿತು.

ನಡುರಾತ್ರಿಯ ಹೊತ್ತಿಗೆ ಲಾರಿ ತುಂಬಿ ಹೊರಟಿತು. ಮಾರನೇ ದಿನ ನಾನೇ ರಸ್ತೆ ದಾಟಿ ಹೋಗಿ ಬಿಪುಲ್‌ನನ್ನೂ ಅವನ ಜೊತೆಯವರನ್ನೂ ವಾಪಸ್ ಕರಕೊಂಡು ಬಂದೆ. ಹಾಗಂತ ಸ್ಥಳೀಯ ನೇಮಕಾತಿಯನ್ನು ಪೂರ್ತಿ ಕೈಬಿಟ್ಟಿಲ್ಲ. ಒಬ್ಬನನ್ನು ಉಳಿಸಿಕೊಂಡಿದ್ದೇವೆ. ಶಾಲು ಮಡಚಿ ಅದರ ಮೇಲೆ ಕೂತು, ದಿನಾ ಎರಡು ಗಂಟೆ ಕೆಲಸ ಕಲಿಯುತ್ತಿದ್ದೇನೆ. ಬಿಪುಲ್ ಇನ್ನೂ ನನ್ನ ಕೈಗೆ ಒಳ್ಳೆ ಕಾಯಿ ಕೊಡುತ್ತಿಲ್ಲ.