ಯಜಮಾನರ ಫೋನಿನಲ್ಲಿ ಮಾತ್ರ

ಬಟನ್ ಮತ್ತೆ ಜಾರಿತು.

“ಈಗ ಪರದೆಯಿಂದ ಆಚೆಗೇ ಹೋಯ್ತಂತೆ!” ಮ್ಯಾನೇಜರ್ ಫೋನನ್ನು ಕಿವಿಯಿಂದ ತೆಗೆಯದೆಯೇ ಕೂಗಿದರು. “ನೀನು ಮಾಡಿಕೊಟ್ಟ ವೆಬ್ ಪುಟ ನೋಡಿ ಕನ್ನಡಕದಂಗಡಿ ಯಜಮಾನರು ಕೆಂಡಾಮಂಡಲ ಆಗಿದ್ದಾರೆ ಕಣಪ್ಪ. ಅವರು ‘ಸರಿ’ ಅನ್ನೋ ತನಕ ನಿನ್ನ ರಜೆ ಮರೆತುಬಿಡು.”

ಮರೆಯುವ ಹಾಗಿರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ವೆಬ್ ಡಿಸೈನರ್ ಮಾತು ಕೊಟ್ಟಿದ್ದ. ಬಸ್ಸು ಸಂಜೆಗೆ.

“ರೀ, ನಾನು ಚಪ್ಪಲಿ ಮೆಟ್ಕೊಂಡೇ ಕೂತಿದೀನಿ,” ಎಂದು ಆಕೆ ಮಧ್ಯಾಹ್ನವೇ ಫೋನ್ ಮಾಡಿದ್ದಳು.

ಅವನು ಪುಟದ ವಿನ್ಯಾಸ ಬರೆದಿಟ್ಟ ಸಿಎಸ್ಎಸ್ ಕಡತ ತೆರೆದು ಅಳತೆಗಳಿಗೆ ಮತ್ತೆ ಕತ್ತರಿ ಹಾಕಿದ. ಕಂಪ್ಯೂಟರಿನಲ್ಲಿ ಪಕ್ಕಪಕ್ಕ ನಿಂತ ಚಿತ್ರಗಳು ಮೊಬೈಲಿನಲ್ಲಿ ಒಂದರ ಕೆಳಗೊಂದು ಕೂರಬೇಕು. ಕೊನೆಯಲ್ಲಿ ‘ಆರ್ಡರ್ ಮಾಡಿ’ ಬಟನ್. ಅವನ ಫೋನಿನಲ್ಲಿ ಕೂತವು. ಅಕೌಂಟ್ಸ್ ಮೇಡಂ ಫೋನಿನಲ್ಲೂ ಕೂತವು.

“ಕೂತಿರೋದೇನೋ ಸರಿ. ಆ ನೀಲಿ ಬಣ್ಣ ಮಾತ್ರ ನಂಗೆ ಹಿಡಿಸ್ಲಿಲ್ಲ,” ಎಂದರು ಮೇಡಂ.

“ಬಣ್ಣದ ವಿಷಯ ಯಾರು ಕೇಳಿದ್ರು ಮೇಡಂ?”

“ಕೇಳ್ದೆ ಹೇಳೋರೇ ಹಿತೈಷಿಗಳು.”

ಕಾವಲುಗಾರನ ಒಡೆದ ಗಾಜಿನ ಫೋನಿನಲ್ಲೂ ಪುಟ ಅಚ್ಚುಕಟ್ಟಾಗಿತ್ತು. ಯಜಮಾನರ ಫೋನಿನಲ್ಲಿ ಮಾತ್ರ ಅಕ್ಷರಗಳು ಕೊನೆಯ ಬಸ್ಸು ಹತ್ತುವವರ ಹಾಗೆ ಒಂದರ ಮೇಲೊಂದು ಬೀಳುತ್ತಿದ್ದವಂತೆ.

ತಲೆ ಕೆಟ್ಟು ಅವನು ಅಂಗಡಿಗೇ ಓಡಿದ. ಫೋನ್ ಕೈಗೆ ಬಂದದ್ದೇ ಗುಟ್ಟು ತಿಳಿಯಿತು. ಪರದೆಯ ಮೇಲಿನ ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು! ಫೋನಿನ ಅಕ್ಷರದ ಗಾತ್ರವನ್ನು ಯಜಮಾನರು ಹಿಗ್ಗಿಸಬಹುದಾದಷ್ಟು ಹಿಗ್ಗಿಸಿಟ್ಟಿದ್ದರು. ಆನೆಯ ಮೈಗೆ ಇಲಿಯ ಅಂಗಿ ಹೊಲಿದಂತಾಗಿತ್ತು ಅವನ ಇಡೀ ದಿನದ ಕೆಲಸ.

“ಸಾರ್, ತೊಂದರೆ ಪುಟದ್ದಲ್ಲ, ಫೋನಿಂದು!” ಅವನು ಹಿಗ್ಗಿನಿಂದ ಗಾತ್ರ ಇಳಿಸಿದ. ಬಟನ್ ಮದುಮಗನ ಗತ್ತಿನಲ್ಲಿ ತನ್ನ ಜಾಗಕ್ಕೆ ಬಂದು ಕೂತಿತು. “ನೋಡಿ. ಒಂದು ಸಲ ‘ಸರಿ’ ಅಂದ್ಬಿಡಿ.”

ಯಜಮಾನರು ಫೋನನ್ನು ಮೂಗಿನ ಹತ್ತಿರ ತಂದರು. ತೋಳು ಚಾಚಿ ದೂರ ಹಿಡಿದರು. ಹುಬ್ಬು ಗಂಟಿಕ್ಕಿತು.

“ಎಲ್ಲಯ್ಯಾ ಸರಿ? ಮೊದಲು ಬಟನ್ ಒಂದು ಕಾಣ್ತಿರ್ಲಿಲ್ಲ. ಈಗ ಏನೂ ಕಾಣ್ತಿಲ್ಲ!”

ಡಿಸೈನರ್ ಗೋಡೆಯಿಂದ ಕೈಗೆ ಸಿಕ್ಕ ಕನ್ನಡಕವೊಂದನ್ನು ಕಿತ್ತು, ಅಂಗಿಯ ತುದಿಯಿಂದ ಒರೆಸಿ ಚಾಚಿದ. “ಒಂದೇ ಕ್ಷಣ ಇದನ್ನ ಹಾಕ್ಕೊಂಡು ನೋಡಿ ಸಾರ್. ನಿಮ್ಮ ದಮ್ಮಯ್ಯ.”

ಯಜಮಾನರು ಹಾವು ಕಂಡವರ ಹಾಗೆ ಹಿಂದೆ ಸರಿದರು.

“ಹಾಕಲ್ಲ. ಕನ್ನಡಕ ಹಾಕಿದ್ರೆ ಇರೋ ಕಣ್ಣೂ ಹಾಳಾಗುತ್ತೆ ಕಣಯ್ಯ!”