ಮಹಿಷಾಸುರನ ಮುಂದೆ ನಿಂತ ವರ

ಒಂದು ಮನೆಗೆ ಹಿರಿಯ ಅಳಿಯನಾಗುವುದು ಸುಸ್ತಿನ ಕೆಲಸ. ಅದರ ಮೇಲೆ ಅವನು ಕನ್ನಡ ಮೇಷ್ಟ್ರೂ ಆಗಿಬಿಟ್ಟರೆ ಮುಗಿಯಿತು. ಚಾಮರಾಜನಗರದ ನನ್ನ ಮಾವನ ಮನೆಯಲ್ಲಿ ಲಗ್ನಪತ್ರಿಕೆಯ ಕಾಗುಣಿತದಿಂದ ಹಿಡಿದು ಕೆಟ್ಟುಹೋದ ಮಿಕ್ಸಿಯವರೆಗೆ ಎಲ್ಲವೂ ನನ್ನ ಹತ್ತಿರವೇ ಬರುತ್ತಿದ್ದವು. ಕೊನೆಗೆ ಮಹಿಷಾಸುರನೂ ಬಂದ.

ಆಗಲೇ ಊರಿಗೆಲ್ಲ ಮೊಬೈಲ್ ಬಂದಿತ್ತು, ಆದರೆ ಗಂಡಿನ ಫೋಟೊ ಇನ್ನೂ ಕವರಿನಲ್ಲೇ ಬರುತ್ತಿತ್ತು. ನನ್ನ ಹೆಂಡತಿಯ ತಂಗಿ ಶೋಭಾಗೆಂದು ಗುಂಡ್ಲುಪೇಟೆಯಿಂದ ಬಂದ ಫೋಟೊದಲ್ಲಿ ಮಲ್ಲೇಶ ಎಂಬ ಹುಡುಗ ಮೈಸೂರಿನ ಚಾಮುಂಡಿ ಬೆಟ್ಟದ ಮಹಿಷಾಸುರನ ಮುಂದೆ ಕೈಕಟ್ಟಿ ನಿಂತಿದ್ದ. ಮಹಿಷನ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ನಾಗರಹಾವು. ಫೋಟೊ ತೆಗೆದ ಪುಣ್ಯಾತ್ಮ ಎಲ್ಲಿ ನಿಂತು ತೆಗೆದನೋ, ಹಾವಿನ ಹೆಡೆ ಸರಿಯಾಗಿ ಹುಡುಗನ ನೆತ್ತಿಯ ಮೇಲೆ ಬಂದಿತ್ತು. ಮನೆಯ ಹಿರಿಯರಾದ, ಹರವೆ ಊರಿನ ಅಜ್ಜಿ ಅದನ್ನು ನೋಡಿದವರೇ ಈ ಸಂಬಂಧ ಬೇಡ ಎಂದುಬಿಟ್ಟರು.

ಶೋಭಾ ನನ್ನನ್ನು ಹಿತ್ತಲಲ್ಲಿ ಹಿಡಿದಳು. “ಭಾವ, ನಂಗೆ ಒಪ್ಗೆ. ಅಜ್ಜಿಗೆ ಏನಾರ ಹೇಳಿ.” ಅವಳ ಕಣ್ಣು ತುಂಬಿತ್ತು. ಹಾಗಾಗಿ ನಾನು ಶಾಲೆಯ ಚರಿತ್ರೆ ಮೇಷ್ಟ್ರನ್ನು ಕೇಳಿಕೊಂಡು ಬಂದೆ. ಕತ್ತಿ ಪರಾಕ್ರಮದ ಗುರುತು, ಹಾವು ಒಳಗಿನ ವಿಷದ ಗುರುತು ಎಂದು ಅಜ್ಜಿಗೆ ವಿವರಿಸಿದೆ. ವಿಷವನ್ನು ತಲೆಯ ಮೇಲೆ ಹೊತ್ತವನಿಗೆ ಹುಡುಗಿ ಕೊಡುತ್ತಾರೆಯೇ ಎಂದರು. ಮರುದಿನ ಮಹಿಷ ಅಸುರನೇ ಅಲ್ಲ, ಈ ಸೀಮೆಯನ್ನಾಳಿದ ಒಳ್ಳೆಯ ರಾಜ ಎಂದು ಕೆಲವರು ಹೇಳುವುದುಂಟು, ಹಾವು ಅವನ ಕಾವಲಿಗಿದ್ದದ್ದು ಎಂದೆ. ಅಷ್ಟು ಒಳ್ಳೆಯವನನ್ನು ತಾಯಿ ಚಾಮುಂಡಿ ಸುಮ್ಮನೆ ಕೊಂದಳೇ ಎಂದು ಕೇಳಿ, ಎಲೆಗೆ ಸುಣ್ಣ ಹಚ್ಚತೊಡಗಿದರು. ನನ್ನ ಪಾಂಡಿತ್ಯ ಅಲ್ಲಿಗೆ ಖಾಲಿ.

ಬೇರೆ ಫೋಟೊ ಕೇಳೋಣವೆಂದು ಭಾನುವಾರದ ನಿದ್ದೆ ಬಿಟ್ಟು ಗುಂಡ್ಲುಪೇಟೆ ಬಸ್ಸು ಹತ್ತಿದೆ. ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಕೂತಿದ್ದ ಮಲ್ಲೇಶ ಸಂಗತಿಯನ್ನೆಲ್ಲ ಕೇಳಿ ಲೆಕ್ಕದ ಪುಸ್ತಕ ಮುಚ್ಚಿದ. ಆಮೇಲೆ ಫೋಟೊ ಯಾಕೆ, ತಾನೇ ಬರುವುದಾಗಿ ಹೇಳಿ ಷಟರ್ ಎಳೆದ. ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಎರಡೂ ಅರ್ಥಗಳನ್ನು ಕಲಿಸಿದೆ. ಅವನು ಅರ್ಧ ದಾರಿಗೂ ಮೊದಲೇ, ತೆರಕಣಾಂಬಿಯಲ್ಲೇ ನಿದ್ದೆಹೋದ.

ಅಜ್ಜಿ ಅವನನ್ನು ಎದುರಿಗೆ ಕೂರಿಸಿಕೊಂಡು, ಆ ರಾಕ್ಷಸನ ಕೈಯಲ್ಲಿ ಹಾವು ಯಾಕಿದೆ ಎಂದು ನೇರವಾಗಿ ಕೇಳಿದರು. ನಾನು ಉಸಿರು ಬಿಗಿಹಿಡಿದೆ. ಬಾಗಿಲ ಸಂದಿಯಲ್ಲಿ ಶೋಭಾಳೂ ಹಿಡಿದಿರಬೇಕು.

“ನಂಗೊತ್ತಿಲ್ಲ ಅಜ್ಜಿ. ಎಲ್ರೂ ಅಲ್ಲೇ ನಿಂತ್ಕಂಡು ತೆಗಿಸ್ಕತಿದ್ರು, ನಾನೂ ನಿಂತ್ಕಂಡೆ.”

ಅಜ್ಜಿ ಅವನನ್ನೇ ನೋಡಿದರು. ಆಮೇಲೆ ಕಾಫಿ ತರಲು ಹೇಳಿದರು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆಯೆಂದೇ ಅರ್ಥ. ಶೋಭಾ ಲೋಟ ತರುವ ಆತುರದಲ್ಲಿ ಅರ್ಧ ಚೆಲ್ಲಿದಳು, ಮಲ್ಲೇಶ ಉಳಿದರ್ಧವನ್ನು ಅಮೃತದಂತೆ ಕುಡಿದ.

ಅವನು ಹೊರಟ ಮೇಲೆ ಅಜ್ಜಿಯನ್ನು ಕೇಳಿದೆ. ಅಷ್ಟೆಲ್ಲ ವಿವರಿಸಿದರೂ ಒಪ್ಪದವರು ಇದಕ್ಕೆ ಹೇಗೆ ಒಪ್ಪಿದರೆಂದು ನನಗೆ ನಿಜಕ್ಕೂ ತಿಳಿಯಬೇಕಿತ್ತು.

“ಮನೆಗೆ ಎಲ್ಲಾದ್ಕೂ ಅರ್ಥ ಏಳೋ ಅಳಿಯ ಒಬ್ಬ ಸಾಕು ಕಣಪ್ಪ,” ಎಂದರು ಅಜ್ಜಿ.

ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಆ ನಗುವಿನ ಅರ್ಥವನ್ನು ಮಾತ್ರ ನಾನು ಯಾರಿಗೂ ವಿವರಿಸಲು ಹೋಗಲಿಲ್ಲ.