ಆಪಾ ಮುಗಿಸದ ಕೊಲೆ

ನಮ್ಮ ಪಕ್ಕದ ಮನೆಯ ಆಪಾ ಇದುವರೆಗೆ ಹನ್ನೊಂದು ಕೊಲೆ ಮಾಡಿದ್ದಾರೆ. ಇಡೀ ಚಾಮರಾಜಪೇಟೆಗೆ ಗೊತ್ತು, ಒಬ್ಬರೂ ಪೊಲೀಸರಿಗೆ ಹೇಳಿಲ್ಲ! ಎಲ್ಲವೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡೆದ ಕೊಲೆಗಳು. ಕನ್ನಡ ಟೀಚರಾಗಿದ್ದ ತಪ್ಪಿಗೆ ಕಾಗುಣಿತ ತಿದ್ದುವ ಕೆಲಸ ನನ್ನದು.

ಆಪಾಗೆ ಕೂತಲ್ಲಿ ಕೂರಲಾಗದು, ಬರೆದದ್ದನ್ನು ಆ ಕ್ಷಣವೇ ಗಟ್ಟಿಯಾಗಿ ಓದಿ ಹೇಳಬೇಕು. ಒಮ್ಮೆ ಆಟೋದಲ್ಲೇ ಶುರುಮಾಡಿದರು. ಮೆಜೆಸ್ಟಿಕ್‌ಗೆ ಹೊರಟಿದ್ದ ನಾವು ಓಕಳಿಪುರಂ ತಲುಪಿದ್ದೆವು. "ಸಾರಿ ಮೇಡಂ, ತಿರುವು ತಪ್ಪೋಯ್ತು. ಆ ಸೊಸೇನ ಕೊಂದಿದ್ದು ಯಾರು?" ಎಂದ ಡ್ರೈವರ್. ಇನ್ನೊಮ್ಮೆ ಮೆಡಿಕಲ್ ಸ್ಟೋರಿನಲ್ಲಿ, ಶರಬತ್ತಿಗೆ ಎಷ್ಟು ನಿದ್ದೆಮಾತ್ರೆ ಬೆರೆಸಿದರೆ ರುಚಿ ಕೆಡುವುದಿಲ್ಲ ಎಂದು ವಿಚಾರಿಸಿದರು. ಅಂದಿನಿಂದ ಅಲ್ಲಿ ಅವರಿಗೆ ಕೆಮ್ಮಿನ ಔಷಧಿಯನ್ನೂ ಚೀಟಿಯಿಲ್ಲದೆ ಕೊಡುವುದಿಲ್ಲ.

ತೊಂದರೆ ಶುರುವಾದದ್ದು ಹನ್ನೆರಡನೆಯ ಕೊಲೆಯಲ್ಲಿ. ಬಹಳ ಕಟ್ಟುನಿಟ್ಟಿನ ಪರದೆಯ ಮನೆ, ಸತ್ತವಳು ಈ ಸಲವೂ ಸೊಸೆ. ಇನ್ಸ್‌ಪೆಕ್ಟರ್ ನಾಲ್ಕು ಅಧ್ಯಾಯಗಳಿಂದ ಹೊರಕೋಣೆಯಲ್ಲೇ ಚಹಾ ಕುಡಿಯುತ್ತಿದ್ದಾನೆ! ಒಳಗೆ ಕಳಿಸಿ ಎಂದರೆ, ಹೆಂಗಸರಿರುವ ಕಡೆ ಹೇಗೆ ಕಳಿಸಲಿ ಎಂದು ನನಗೇ ಗದರಿದರು. ಹಾಗಾಗಿ ಪತ್ತೇದಾರಿಕೆ ಮಾಡುವವಳು ಹೆಣಕ್ಕೆ ಸ್ನಾನ ಮಾಡಿಸುವ ಹೆಂಗಸು. ದಫನಿಗೆ ಮೊದಲು ಹೆಣ್ಣಿನ ಮೈ ತೊಳೆಯುವವರು ಹೆಂಗಸರೇ. ನಮ್ಮ ಬೀದಿಯಲ್ಲಿ ಆ ಕೆಲಸ ಮಾಡುವವರು ಸ್ವತಃ ಆಪಾ.

ಕಥೆಯ ಹೆಂಗಸಿಗೆ ಸೊಸೆಯ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡಿತು. ಆದರೆ ಸ್ನಾನ ಮಾಡಿಸುವಾಗ ಕಂಡ ಐಬನ್ನು ಹೊರಗೆ ಆಡಬಾರದೆಂಬುದು ಅವರಲ್ಲಿ ಕಟ್ಟಪ್ಪಣೆ. ಹೇಳಿದರೆ ಪಾಪ, ಹೇಳದಿದ್ದರೆ ಕೊಲೆಗಾರ ಪಾರು! ಕಥೆ ಅಲ್ಲೇ ನಿಂತಿತು, ಆಪಾ ಮಾತ್ರ ನಿಲ್ಲಲಿಲ್ಲ. ಮೂರು ತಿಂಗಳು ನನ್ನ ಅಡುಗೆಮನೆಯಲ್ಲಿ ಅತ್ತಿಂದಿತ್ತ ಶತಪಥ ಹಾಕಿದರು. ಬೇಸತ್ತು, ಮಸೀದಿಯ ಹಜ್ರತರನ್ನೇ ಕೇಳಿಬಿಡಿ ಎಂದೆ. ಆಪಾ ಹಜ್ರತರ ಹೆಂಡತಿಯ ಮೂಲಕ ಕೇಳಿಸಿದರು. ಐಬು ಮುಚ್ಚಿಡಬೇಕು, ಕೊಲೆ ಐಬಲ್ಲ, ಅದನ್ನು ಹೇಳಲೇಬೇಕು ಎಂದು ಉತ್ತರ ಬಂತು.

ಕಥೆ ಮುಗಿಯಿತಲ್ಲ ಎಂದು ನಾನು ಹಿಗ್ಗಿದೆ. ಆಪಾ ನೆಲದ ಮೇಲೆ ಕೂತುಬಿಟ್ಟರು.

"ಇಪ್ಪತ್ತೆರಡು ವರ್ಷ ಆ ಹುಡುಗೀಗೆ. ಕುತ್ತಿಗೇಲಿ ಹೀಗೇ ಗುರುತಿತ್ತು."

"ಯಾವ ಅಧ್ಯಾಯದಲ್ಲಿ ಆಪಾ?" ಎಂದೆ, ಪೆನ್ನು ಹಿಡಿದು.

"ಕಥೇಲಲ್ಲಮ್ಮ. ನಾನೇ ತೊಳ್ದಿದ್ದು. ಹೇಳ್ಬಾರ್ದು ಅಂದ್ಕೊಂಡು ಇಷ್ಟು ವರ್ಷ ಸುಮ್ನಿದ್ದೆ."

ಪೆನ್ನು ಕೆಳಗಿಟ್ಟೆ. ನನಗೆ ನಾಚಿಕೆಯಾಯಿತು, ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು.

"ಅವ್ಳ ಅಮ್ಮ ಮಾಮೂಲ್‌ಪೇಟೆ ಹತ್ರಾನೇ ಇದಾರೆ. ನೀನೂ ಬರ್ತೀಯಾ? ಒಬ್ಳೇ ಹೋದ್ರೆ ಹೇಳ್ದೇನೇ ವಾಪಸ್ ಬಂದ್ಬಿಡ್ತೀನಿ."

ಒಲೆ ಆರಿಸಿ ಹೊರಟೆ. ದಾರಿಯುದ್ದಕ್ಕೂ ಆಪಾ ನನ್ನ ಕೈ ಬಿಡಲಿಲ್ಲ. ಬಾಗಿಲನ್ನು ಮಾತ್ರ ಅವರೇ ತಟ್ಟಿದರು.